ಮಾಳಿಗೆಯ ಮೇಲಿನ ಸಿಗಡಿ ಸಿಪ್ಪೆ

ಉಣಕಲ್,
೬ ಫೆಬ್ರುವರಿ ೨೦೦೫

ದ್ರಾಕ್ಷಾಯಿಣಿ ಅಕ್ಕಾರಿಗೆ ಮೇಲಿನ ಖೋಲಿಯ ಫೇಬಿ ಮಾಡುವ ನಮಸ್ಕಾರಗಳು.

ನೀವು ಮಾತು ಬಿಟ್ಟಿದ್ದೀರಿ. ಅದಕ್ಕೇ ಒಂದೇ ಮನೆಯಲ್ಲಿದ್ದೂ ಪತ್ರ ಬರೆಯುತ್ತಿದ್ದೇನೆ.

ನಾನು ಮಾಳಿಗೆಯ ಮೇಲೆ ಒಣಹಾಕಿದ್ದು ಸಿಗಡಿ ಸಿಪ್ಪೆ ಎಂಬುದು ಖರೆ. ಅದು ಅಡುಗೆಗಲ್ಲ, ನನ್ನ ಪಿಎಚ್.ಡಿ. ಕೆಲಸಕ್ಕೆ. ಖೋಲಿ ಕೊಡುವಾಗ ನೀವು, "ಮನ್ಯಾಗ ಮೀನ, ಮಾಂಸ ಏನೂ ತಿನ್ನಂಗಿಲ್ಲ ನೋಡವಾ" ಅಂದಿದ್ದಿರಿ. ಅಂದಿನಿಂದ ನಾನು ಹೊರಗೂ ಮೀನು ತಿಂದಿಲ್ಲ. ತಿನ್ನುವುದಲ್ಲವಲ್ಲ ಎಂದು ಸಿಪ್ಪೆ ತಂದೆ. ವಾಸನೆಗೆ ಆ ವ್ಯತ್ಯಾಸ ತಿಳಿಯಲಿಲ್ಲ.

ಆ ಸಿಪ್ಪೆಯನ್ನು ಸಂಸ್ಕರಿಸಿದರೆ ಸಕ್ಕರೆಯ ಜಾತಿಗೇ ಸೇರಿದ ಒಂದು ಪುಡಿ ಸಿಗುತ್ತದೆ. ರೋಗ ವಾಸಿಮಾಡಬಲ್ಲ ಜೀನನ್ನು ಬರಿದೇ ಬಿಟ್ಟರೆ ಜೀವಕೋಶ ಅದನ್ನು ಹತ್ತಿರ ಸೇರಿಸುವುದಿಲ್ಲ, ಅದು ಹೊರಗೇ ನಾಶವಾಗುತ್ತದೆ. ಈ ಪುಡಿಯಲ್ಲಿ ಸುತ್ತಿಕೊಟ್ಟರೆ ಕೋಶವೇ ಒಳಗೆ ಕರೆದುಕೊಳ್ಳುತ್ತದೆ. ಎಲ್ಲ ಸಲವೂ ಅಲ್ಲ.

ಸಿಪ್ಪೆಯನ್ನೆಲ್ಲ ಇವತ್ತು ಧಾರವಾಡದ ಪ್ರಯೋಗಾಲಯಕ್ಕೆ ಸಾಗಿಸಿ, ಮಾಳಿಗೆ ತೊಳೆದಿದ್ದೇನೆ. ಖೋಲಿ ಬಿಡು ಎಂದರೆ ಬಿಡುತ್ತೇನೆ. ಅಲ್ಲಿಯವರೆಗೆ ಸಂಜೆ ಮೊದಲಿನಂತೆ ಮೆಟ್ಟಿಲ ಕೆಳಗೆ ನಿಂತು, "ಫೇಬಿ, ಚಾ ಆತೇನವಾ" ಎಂದು ಕೇಳಿದರೆ ಸಾಕು. ಚಾ ಕೊಡುವುದು ಬೇಡ. ಈ ಊರಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ನೀವೊಬ್ಬರೇ.

ಸಂಕ್ರಮಣಕ್ಕೆ ನೀವು ಸಿಹಿ ಮಾದಲಿ ಹಾಕಿಕೊಟ್ಟ ಡಬ್ಬಿಯನ್ನು ನಿಮ್ಮ ಬಾಗಿಲ ಹತ್ತಿರ ಇಟ್ಟಿದ್ದೇನೆ. ಖಾಲಿ ಡಬ್ಬಿ ಮರಳಿಸಬಾರದೆಂದು ಒಳಗೆ ಸಕ್ಕರೆ ಇಟ್ಟಿದ್ದೇನೆ. ಅಂಗಡಿಯ ಪಾಕೀಟು ಹಾಗೇ ಇದೆ, ನಾನು ಒಡೆದಿಲ್ಲ.

ನಿಮ್ಮ,
ಫೇಬಿ