ಮದ್ದು ಹೊಡೆಯುವವರು ವಾಪಸು ಹೋದ ದಿನ

ಶ್ರೀರಂಗಪಟ್ಟಣ
19 ಜನವರಿ 2025

ಪ್ರೀತಿಯ ಸಹನ,

ನಿನಗೆ ಫೋನು ಹೋಗುತ್ತಿಲ್ಲ, ಅಥವಾ ನನ್ನ ನಂಬರಿನಿಂದ ಮಾತ್ರ ಹೋಗುತ್ತಿಲ್ಲ. ಅದಕ್ಕೇ ಕಾಗದ. ಪಾಂಡವಪುರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವಲ್ಲ, ಆಗ ಬರೆದುಕೊಂಡಿದ್ದ ನಿನ್ನ ನಾಗಮಂಗಲದ ತವರಿನ ವಿಳಾಸ ಇನ್ನೂ ಬಾಯಿಗೆ ಬರುತ್ತದೆ. ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ. ಆಮೇಲೆ ಹರಿದುಹಾಕಿದರೂ ಸರಿ, ಪೂರ್ತಿ ಓದು.

ಹೋದ ಭಾನುವಾರ ನಿನ್ನ ಗಂಡನ ಮನೆಗೆ ಹೋಗಿದ್ದೆ. ಕೆ.ಆರ್. ಪೇಟೆಯಲ್ಲಿ ಬಸ್ಸು ಹತ್ತಿ, ಮಾಕವಳ್ಳಿ ದಾಟಿ ಇಳಿದೆ. ಅಶೋಕ್ ಇದ್ದರು, ನಿಮ್ಮತ್ತೆ ದ್ಯಾವಮ್ಮನವರೂ ಇದ್ದರು. ಆರು ತಿಂಗಳು ನುಂಗಿಕೊಂಡಿದ್ದದ್ದನ್ನು ಹೇಳಿ ಬಂದೆ. ನಿನಗೆ ಎಲ್ಲವೂ ಗೊತ್ತು. ಆದರೂ ಅವರೆದುರು ಏನೇನು ಹೇಳಿದೆ ಎಂದು ನಿನಗೆ ತಿಳಿದಿರಬೇಕು. ಹಾಗಾಗಿ ಮೊದಲಿನಿಂದ ಬರೆಯುತ್ತೇನೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಗೋಡೆ ಬಿರುಕಿನಲ್ಲಿ ಅಡಗಿ ರಕ್ತ ಹೀರುವ ಮರಳುನೊಣಗಳು ಎಷ್ಟು ಜಾತಿಯವಿವೆ ಎಂದು ಹುಡುಕುವುದು ನನ್ನ ಪಿಎಚ್.ಡಿ. ಕೆಲಸ. ಕೆ.ಆರ್. ಪೇಟೆ ಕಡೆ ಒಂದು ಊರು ಬೇಕಿತ್ತು. ನಿನಗೆ ಫೋನು ಮಾಡಿದೆ. ನೀನು ನಗುತ್ತಾ, “ನಮ್ ಕೊಟ್ಟಿಗೆಗೇ ಬಾರೆ, ಮಣ್ಣಿನ ಗೋಡೆ, ಬಿರುಕು ಬೇಕಾದಷ್ಟವೆ” ಎಂದೆ. ತಿಂಗಳಿಗೆರಡು ಬೆಳಿಗ್ಗೆ ನಾನು ಬರುತ್ತಿದ್ದೆ. ಹರಳೆಣ್ಣೆ ಸವರಿದ ಕಾಗದಗಳನ್ನು ನೀನು ಬಿರುಕುಗಳಿಗೆ ಸಿಕ್ಕಿಸಿರುತ್ತಿದ್ದೆ. ನಾನು ಅದಕ್ಕೆ ಅಂಟಿದವನ್ನು ಬಿಡಿಸಿ, ಗೋಡೆಯ ಮೇಲೆ ಕೂತವನ್ನು ಗಾಜಿನ ಕೊಳವೆಯಲ್ಲಿ ಹೀರಿ, ಸ್ಪಿರಿಟ್ಟಿನ ಸೀಸೆಗೆ ಹಾಕುತ್ತಿದ್ದೆ. ಸೊಳ್ಳೆಯ ಅರ್ಧದಷ್ಟೂ ಇಲ್ಲದ ಹುಳ, ರೆಕ್ಕೆ ಮೇಲೆತ್ತಿಕೊಂಡೇ ಕೂರುತ್ತದೆ. ನಿನ್ನ ಸಿಂಚನ ಅದನ್ನು ನೋಡಿ, “ಇದುಕ್ಕೆ ಮಿಸ್ಸು ಕೈ ಎತ್ಕೊಂಡು ನಿಂತ್ಕೊ ಅಂದವ್ರೆ” ಎಂದಿದ್ದಳು. ಐದು ವರ್ಷದ ಮಗು.

ಒಂದು ದಿನ ಅವಳ ತೋಳಿನ ದದ್ದು ತೋರಿಸಿ, ಇವು ಕಚ್ಚಿದರೆ ಏನೂ ಆಗುವುದಿಲ್ಲವಾ ಎಂದು ನೀನು ಕೇಳಿದ್ದೆ. ರೋಗ ತರುವುದೆಲ್ಲ ಬಿಹಾರ, ಗುಜರಾತಿನ ಕಡೆ, ನಮ್ಮಲ್ಲಿ ತುರಿಕೆ ಅಷ್ಟೇ ಎಂದೆ. ಗೊತ್ತಿಲ್ಲ ಎನ್ನಬೇಕಿತ್ತು. ಗೊತ್ತಿಲ್ಲ ಎನ್ನಲು ನನಗೆ ನಾಚಿಕೆಯಾಯಿತು.

ಹೋದ ಜೂನ್‌ನಲ್ಲಿ, ಸೊಳ್ಳೆ ಹುಳ ಸಾಯಲೆಂದು ಗೋಡೆಗೆ ಮದ್ದು ಹೊಡೆಯುವವರು ಬಂದರು. ಅವರನ್ನು ಜಗಲಿಯ ಮೇಲೆ ಕೂರಿಸಿ ನೀನು ನನಗೆ ಫೋನು ಮಾಡಿದೆ. “ಕೊಟ್ಟಿಗೆಗೂ ಒಡೀತೀವಿ ಅಂತಾವ್ರೆ ಕಣೆ, ಒಡಿಸ್ಲಾ?” ಎಂದೆ. ಬೇಡ, ಕೊಟ್ಟಿಗೆಯೊಂದನ್ನು ಬಿಟ್ಟುಬಿಡಲು ಹೇಳು, ನನ್ನ ವರ್ಷದ ಎಣಿಕೆ ಕೆಡುತ್ತದೆ ಎಂದೆ ನಾನು. ನೀನು ಒಂದು ಮರುಮಾತಿಲ್ಲದೆ ಅವರನ್ನು ಕೊಟ್ಟಿಗೆ ಬಾಗಿಲಿಂದಲೇ ವಾಪಸು ಕಳಿಸಿದೆ.

ಜುಲೈನಲ್ಲಿ ಮಂಗಳವಾರ ಸಂಜೆ ಸಿಂಚನಳಿಗೆ ಜ್ವರ ಬಂತು. ಬುಧವಾರ ಬೆಳಿಗ್ಗೆ ಫಿಟ್ಸ್. ಮೈಸೂರಿನ ಆಸ್ಪತ್ರೆಗೆ ಸೇರಿಸಿದ ಮೇಲೆ ಅವಳು ಕಣ್ಣು ಬಿಡಲೇ ಇಲ್ಲ. ಗುರುವಾರ ಮಧ್ಯಾಹ್ನ ನಾನು ನಿಮ್ಮೂರಿಗೆ ಬಂದಾಗ ಅಂಗಳದ ತುಂಬ ಜನ. ದ್ಯಾವಮ್ಮನವರು ಎದೆ ಬಡಿದುಕೊಂಡು, “ಮದ್ದು ಒಡೆಯೋರ್ನ ಬಾಗ್ಲಿಂದ ವಾಪಸ್ ಕಳಿಸ್ಬುಟ್ಲಲ್ಲಪ್ಪ! ಯಾವ್ ತಾಯಿ ಮಾಡ್ತಾಳೆ ಇಂಥ ಕೆಲ್ಸವ!” ಎಂದು ಕೂಗಿದರು. ನೀನು ತಲೆಯೆತ್ತಿ ನನ್ನನ್ನು ನೋಡಿದೆ. ನಾನು ನೆಲ ನೋಡಿದೆ. ಆಗ ನೀನೇ ಹೇಳಿದೆ: “ಅಸ ಗಬ್ಬ ಆಗಿತ್ತು, ಮದ್ದಿನ ವಾಸ್ನೆ ಆಗಕಿಲ್ಲ ಅಂತ ನಾನೇ ಬ್ಯಾಡ ಅಂದೆ.”

ಮಗುವಿಗಿಂತ ಹಸು ಹೆಚ್ಚಾಯಿತಾ ಎಂದು ಅಶೋಕ್ ಕೇಳಿದ್ದು ಆಮೇಲೆ. ನಿನ್ನನ್ನು ತವರಿಗೆ ಬಿಟ್ಟು ಬಂದದ್ದು ಶ್ರಾವಣದಲ್ಲಿ. ಅದೆಲ್ಲ ನನ್ನ ಕಿವಿಗೆ ಬಿತ್ತು. ಆದರೂ ಸುಮ್ಮನಿದ್ದೆ.

ಭಾನುವಾರ ಇದಿಷ್ಟನ್ನೂ ಹೇಳಿದೆ. ದ್ಯಾವಮ್ಮನವರು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಂತುಹೋಯಿತು. “ಆ ಉಳದಿಂದ್ಲೇ ಓಯ್ತಾ ನಮ್ ಕೂಸು?” ಎಂದರು. ಗೊತ್ತಿಲ್ಲ ಎಂದೆ, ಈ ಸಲ. ಮಿದುಳು ಜ್ವರ ಎಂದಷ್ಟೇ ಆಸ್ಪತ್ರೆಯವರು ಬರೆದಿದ್ದಾರೆ, ಅದು ಯಾವುದರಿಂದ ಬಂತೆಂದು ಪತ್ತೆಯಾಗಿಲ್ಲ. ನಾನು ಹಿಡಿದ ಹುಳಗಳು ಸ್ಪಿರಿಟ್ಟಿನಲ್ಲಿವೆ. ಜಾತಿ ಗುರುತಿಸಬಹುದು, ರೋಗ ಇತ್ತೇ ಎಂದು ನನಗೆ ನೋಡಲಾಗುವುದಿಲ್ಲ. ಹುಳವೇ ಅಲ್ಲದಿರಬಹುದು. ಮದ್ದು ಹೊಡೆದಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ. ಎಲ್ಲ ಹೇಳಿದೆ.

“ಅಂಗಾದ್ರೆ ಯಾರ್ನ ಬೈಯ್ಯನವ್ವ ನಾವು?” ಎಂದರು. ನನ್ನನ್ನು ಬೈಯಿರಿ ಎಂದೆ. ಬೈಯಲಿಲ್ಲ. “ಅವ್ಳ ಬೈದ್ಬುಟ್ನಲ್ಲ, ಆಡಿದ್ ಮಾತ ಎಂಗೆ ವಾಪಸ್ ತಕ್ಕಳನೆ?” ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

ಅಶೋಕ್ ಎದ್ದು ಕೊಟ್ಟಿಗೆ ಕಡೆ ಹೋದರು. ಅಲ್ಲಿಗೆ ಈಗ ಸಿಮೆಂಟು ಮೆತ್ತಿಸಿದ್ದಾರೆ, ಒಂದು ಬಿರುಕೂ ಇಲ್ಲ. ವಾಪಸು ಬಂದು, “ನಿಮ್ ಎಸ್ರು ಏಳಿದ್ರೆ ಆಯ್ತಿತ್ತು. ಯಾಕ್ ಏಳ್ನಿಲ್ಲ ಅವ್ಳು?” ಎಂದರು. ನನ್ನ ಓದು ಕೆಟ್ಟೀತು ಎಂದು ನೀನು ಹೆದರಿದ್ದೆ. ಅದನ್ನೂ ಹೇಳಿದೆ. ನಾನು ಹೊರಡುವಾಗ ಬಸ್ ಸ್ಟಾಪಿನವರೆಗೆ ಬಂದರು. ಈ ವಾರವೋ ಮುಂದಿನ ವಾರವೋ ನಾಗಮಂಗಲಕ್ಕೆ ಬರುತ್ತಾರಂತೆ. “ಅವ್ಳು ಬತ್ತಾಳೆ ಅಂತಲ್ಲ. ತಪ್ಪಾಯ್ತು ಅಂತ ಏಳ್ಬೇಕು” ಎಂದರು.

ನೀನು ಅವರ ಜೊತೆ ಹೋಗು ಎಂದಾಗಲಿ, ಬೇಡ ಎಂದಾಗಲಿ ನಾನು ಹೇಳುವುದಿಲ್ಲ. ಒಮ್ಮೆ ನನ್ನ ಮಾತು ಕೇಳಿದ್ದೇ ಸಾಕು. ನನ್ನ ಗೈಡಿಗೂ ನಡೆದದ್ದನ್ನು ಬರೆದುಕೊಟ್ಟಿದ್ದೇನೆ. ಪಿಎಚ್.ಡಿ. ಏನಾಗುತ್ತದೋ ತಿಳಿಯದು.

ನಿನ್ನ ಗೆಳತಿ ಎಂದು ಬರೆಯಲು ಕೈ ಬರುತ್ತಿಲ್ಲ.

ಅಪರ್ಣ

ವಿ.ಸೂ.: ಮಡಿಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ದ್ಯಾವಮ್ಮನವರಿಗೂ, ಅಶೋಕ್‌ಗೂ, ಗೈಡಿಗೂ ಹೇಳದ ಮಾತೊಂದು ಉಳಿದಿದೆ. ವರ್ಷದ ಎಣಿಕೆ ಕೆಡುತ್ತದೆ ಎಂದಿದ್ದೆನಲ್ಲ, ಆ ವರ್ಷ ಮೇ ತಿಂಗಳಿಗೇ ಮುಗಿದಿತ್ತು. ಹನ್ನೆರಡು ತಿಂಗಳ ಎಣಿಕೆ ನನ್ನ ಕೈಯಲ್ಲಿತ್ತು. ನಾಲ್ಕೂ ತಾಲ್ಲೂಕು ಸೇರಿ ಒಂಬತ್ತು ಜಾತಿ ಸಿಕ್ಕಿದ್ದವು. ಮಳೆ ಬಿದ್ದ ಮೇಲೆ ನಿಮ್ಮ ಕೊಟ್ಟಿಗೆಯಲ್ಲಿ ಹತ್ತನೆಯದೊಂದು ಸಿಗಬಹುದು ಎಂಬ ಆಸೆಗೆ ನಿನಗೆ ಸುಳ್ಳು ಹೇಳಿದೆ. ಜೂನ್ ಕೊನೆಯಲ್ಲಿ ಬಂದು ಗೋಡೆಯೆಲ್ಲ ಹುಡುಕಿದೆ. ಸಿಗಲಿಲ್ಲ.