ನಲವತ್ತರ ಜಲ್ಲಿ

ಬಿಳೇಬಾವಿ, ವಿಜಯಪುರ ಸೀಮೆ
ಹದಿಮೂರನೆಯ ತಿಂಗಳ ನಾಲ್ಕನೇ ದಿನ, 2174

ಕಾಂಕ್ರೀಟು ಹಾಕಲು ಹೊರಟಿರುವ ನಿಮಗೆ,

ತಾರೀಖು ನೋಡಿ ತಪ್ಪು ತಿಳಿಯಬೇಡಿ. ನಾವು ತಿಂಗಳಿಗೆ ಇಪ್ಪತ್ತೆಂಟೇ ದಿನ ಎಣಿಸುತ್ತೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ನನ್ನ ಹೆಸರು ಶಾಕಾಂಬರಿ. ವೃತ್ತಿಯಲ್ಲಿ ಗೋಡೆನಾಡಿ, ಅಂದರೆ ಹಳೆಯ ಗೋಡೆಗಳನ್ನು ಸುತ್ತಿಗೆಯಿಂದ ತಟ್ಟಿ ಅವುಗಳ ಒಳಗಿನ ಸ್ಥಿತಿ ಹೇಳುವವಳು.

ನಮ್ಮೂರು ಕುಡಿಯುತ್ತಿದ್ದದ್ದು ನಿಮ್ಮ ಕಾಲದವರು ಕಟ್ಟಿದ ದೊಡ್ಡ ತೊಟ್ಟಿಯ ನೀರು. ಹಗಲೆಲ್ಲ ನೆಲದಡಿಯ ಮನೆಗಳಲ್ಲಿರುತ್ತೇವೆ. ಬಿಸಿಲು ಇಳಿದಾಗ ಹೊಡೆಯುವ ತಂಪುಗಂಟೆ ಕೇಳಿದ ಮೇಲೆಯೇ ಕೊಡ ಹಿಡಿದು ಮೇಲೆ ಬರುವುದು. ತೊಟ್ಟಿಯ ದಕ್ಷಿಣದ ಗೋಡೆ ಸದಾ ಒದ್ದೆಯಾಗಿರುತ್ತಿತ್ತು. ಸಾಲಿನಲ್ಲಿ ನಿಂತ ಹೆಂಗಸರು ಅದಕ್ಕೆ ಬೆನ್ನು ಕೊಟ್ಟು ತಣ್ಣಗಾಗುತ್ತಿದ್ದರು. ಅದನ್ನು ಕೇಡು ಎಂದು ಯಾರೂ ಎಣಿಸಲಿಲ್ಲ.

ನನಗೆ ಕೆಲಸ ಕಲಿಸಿದ ನಬೀಲಾಲ್ ಜಮಾದಾರರು ಆ ಗೋಡೆಯಿಂದ ಒಂದು ತುಂಡು ಕೊರೆದು ತೆಗೆದರು. ಒಳಗೆಲ್ಲ ಪೊಳ್ಳು.

"ನೋಡವ್ವ, ಕಂಬಿ ನಡುವಿನ ಸಂದು ಮೂವತ್ತು ಮಿಲಿಮೀಟರ್, ಜಲ್ಲಿ ನಲವತ್ತು. ಒಳಗ ಇಳಿಯೂದಾದ್ರೂ ಹ್ಯಾಂಗ?" ಎಂದರು.

ಕಂಬಿಗೆ ಸಿಕ್ಕಿಕೊಂಡ ಕಲ್ಲುಗಳು ಗಾರೆಯನ್ನೂ ಕೆಳಗಿಳಿಯಗೊಟ್ಟಿರಲಿಲ್ಲ. ಹಸಿ ಕಾಂಕ್ರೀಟಿನಲ್ಲಿ ಮೇಲೇರುವ ನೀರು ಒಂದೊಂದು ದೊಡ್ಡ ಕಲ್ಲಿನ ಅಡಿಯಲ್ಲೂ ತಡೆದು ನಿಂತು, ಆರಿದ ಮೇಲೆ ಅಲ್ಲಿ ಬಿರುಕು ಉಳಿದಿತ್ತು. ಬಿರುಕಿಗೆ ಬಿರುಕು ಕೂಡಿ ನೀರಿಗೆ ದಾರಿಯಾಗಿತ್ತು. ಕಂಬಿ ತುಕ್ಕು ಹಿಡಿದು ಉಬ್ಬಿತ್ತು. ದೊಡ್ಡ ಜಲ್ಲಿಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಂಬಿ ವಿರಳವಾದ ದಪ್ಪ ಅಡಿಪಾಯಕ್ಕೆ ಅದು ಸರಿ. ನೀರು ಹಿಡಿಯುವ ತೆಳು ಗೋಡೆಗೆ ಅಲ್ಲ.

ನೀರುಕೂಟದ ಹಿರಿಯಳು ಶಂಕ್ರೆವ್ವ ಕೇಳಿದಳು: "ನೂರಾ ನಲವತ್ತು ವರ್ಷ ನಿಂತದ್ದು ಮಳಿ ಬರೂತನಕ ಇನ್ನ ಎರಡ ತಿಂಗಳು ನಿಲ್ಲಂಗಿಲ್ಲೇನು? ತೊಟ್ಟಿ ಬರಿದು ಮಾಡಿದ್ರ ಮಂದಿ ಏನ ಕುಡೀಬೇಕು?"

"ಅರ್ಧಾದ್ರೂ ಇಳಸ್ರಿ," ಎಂದರು ನಬೀಲಾಲ್.

ಊರಿನ ಗೋಡೆನಾಡಿ ಈಗ ನಾನು; ಕೂಟದವರೆಲ್ಲ ನನ್ನತ್ತ ನೋಡಿದರು. ಬೇಸಿಗೆಯ ಮಧ್ಯದಲ್ಲಿ ಊರಿನ ನೀರು ಚೆಲ್ಲಿಸಿದವಳು ಎನ್ನಿಸಿಕೊಳ್ಳಲು ನನಗೆ ಧೈರ್ಯ ಸಾಲಲಿಲ್ಲ. "ನಿಲ್ಲಬಹುದು," ಎಂದೆ.

ಅದಾದ ಒಂಬತ್ತನೆಯ ಸಂಜೆ ನೀರಿಗೆ ಸಾಲು ನಿಂತಿತ್ತು. ಗೋಡೆಯ ಬುಡದಲ್ಲಿ ಸೋರಿಕೆ ಮುಚ್ಚುತ್ತಿದ್ದ ನಬೀಲಾಲರು ಏನೋ ಸದ್ದು ಕೇಳಿ ಎದ್ದು, "ಸರೀರಿ! ಗ್ವಾಡಿ ಬಿಟ್ಟು ಸರೀರಿ!" ಎಂದು ಕೂಗುತ್ತಾ ಜನರನ್ನು ತಳ್ಳತೊಡಗಿದರು. ಗೋಡೆ ಕುಸಿಯಿತು. ಬಹಳ ಮಂದಿ ಓಡಿ ಉಳಿದರು. ಹದಿನೇಳು ಜನ ಉಳಿಯಲಿಲ್ಲ. ನಬೀಲಾಲರೂ ಉಳಿಯಲಿಲ್ಲ.

ಪೂರ್ವದ ಗೋಡೆ ಇವತ್ತಿಗೂ ಒಣಗಿ ನಿಂತಿದೆ. ಅದೇ ಸಿಮೆಂಟು, ಅದೇ ಮರಳು, ಅದೇ ವರ್ಷ. ಜಲ್ಲಿ ಮಾತ್ರ ಇಪ್ಪತ್ತರದು. ನಮ್ಮ ದಾಖಲೆಮನೆಯಲ್ಲಿ ಕಟ್ಟಡದ ದಿನಚರಿ ಸಿಕ್ಕಿತು. ದಕ್ಷಿಣದ ಗೋಡೆಯ ಪುಟದಲ್ಲಿ ನಿಮ್ಮ ಕಾಲದವರೊಬ್ಬರು ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ: 'ಇಪ್ಪತ್ತರ ಜಲ್ಲಿ ಬಂದಿಲ್ಲ. ಇದ್ದದ್ದನ್ನೇ ಸುರಿದೆವು. ಪ್ಲಾಸ್ಟರ್ ಆದ ಮೇಲೆ ಕಾಣುವುದಿಲ್ಲ.'

ನಿಜ, ಕಾಣಲಿಲ್ಲ. ಆದರೆ ನಾನು ಕಂಡೂ 'ನಿಲ್ಲಬಹುದು' ಎಂದವಳು. ಹಾಗಾಗಿ ನಿಮ್ಮನ್ನು ಶಪಿಸುವ ಹಕ್ಕೂ ನನಗೆ ಪೂರ್ತಿಯಾಗಿ ಉಳಿದಿಲ್ಲ. ಕೇಳುವುದು ಇಷ್ಟೇ: ಸುರಿಯುವ ಮುಂಚೆ ಕಂಬಿಯ ಸಂದನ್ನು ಅಳೆಯಿರಿ. ಅದರಲ್ಲಿ ಸಲೀಸಾಗಿ ಇಳಿಯುವ ಜಲ್ಲಿ ಬರುವ ತನಕ ಕೆಲಸ ನಿಲ್ಲಲಿ. ತಡವಾಯಿತೆಂದು ನಾಲ್ಕು ದಿನ ಬೈಸಿಕೊಳ್ಳಿ.

ಶಾಕಾಂಬರಿ