ಏನೂ ಇಲ್ವಂತೆ

ಜಯನಗರ, ಬೆಂಗಳೂರು
೧೮-೭-೧೯೬೧, ಮಂಗಳವಾರ

ಪ್ರೀತಿಯ ಅಪ್ಪನಿಗೆ,

ಕಾತ್ಯಾಯಿನಿಯ ನಮಸ್ಕಾರಗಳು. ಲಿಂಗನಮಕ್ಕಿಯ ಶೆಡ್ಡಿನಲ್ಲಿ ಹಾಸಿಗೆಯೂ ಒದ್ದೆಯೆಂದು ಬರೆದಿದ್ದಿರಿ. ಕೆಮ್ಮು ಕಡಿಮೆಯಾಯಿತೆ? ಅಣೆಕಟ್ಟಿನ ಕೆಲಸ ಎಷ್ಟಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಅಮ್ಮನ ದವಡೆ ಹಲ್ಲಿನ ನೋವು ನಿಮಗೆ ಗೊತ್ತೇ ಇದೆ. ಹದಿನೈದು ದಿನದ ಹಿಂದೆ ಎಡಗೆನ್ನೆ ಊದಿ ಕಣ್ಣೇ ಮುಚ್ಚಿಹೋಯಿತು. ಉಪ್ಪಿನ ಗಂಟಿನ ಶಾಖ ಕೊಟ್ಟರೆ ಇನ್ನೂ ಹೆಚ್ಚಿತು. ಪಕ್ಕದ ಮನೆಯ ಅಮ್ಮಣ್ಣಿಯವರು "ಇದೇನ್ರೀ, ಬಾಯೊಳಗೆ ತೆಂಗಿನಕಾಯಿ ಇಟ್ಕೊಂಡಿದ್ದೀರಾ?" ಎಂದು ನಗಿಸುತ್ತಲೇ ನಮ್ಮನ್ನು ಡಾಕ್ಟರ್ ಏಕಾಂತಯ್ಯನವರ ಕ್ಲಿನಿಕ್ಕಿಗೆ ಹೊರಡಿಸಿದರು. ಡಾಕ್ಟರು ಹಲ್ಲು ಕಿತ್ತು, ಕೀವು ತೆಗೆದು, ಪೆನಿಸಿಲಿನ್ ಚುಚ್ಚಿದರು. ಐದು ದಿನದಲ್ಲಿ ಮುಖದ ಊತ ಇಳಿಯಿತು. ಜ್ವರ ಮಾತ್ರ ಇಳಿಯಲಿಲ್ಲ. ಸಂಜೆಯಾದರೆ ಮೂರು ಕಂಬಳಿ ಹೊದಿಸಿದರೂ ನಡುಗುತ್ತಿದ್ದಳು.

"ಬೇರೆ ಎಲ್ಲಾದ್ರೂ ನೋವಿದೆಯೇನಮ್ಮಾ?" ಎಂದು ಡಾಕ್ಟರು ಕೇಳಿದರು. ಅಮ್ಮ ಪರಗಂಡಸರೊಡನೆ ನೇರವಾಗಿ ಮಾತಾಡುವುದಿಲ್ಲವಲ್ಲ. ಅವರು ನನ್ನನ್ನು ಕೇಳುವುದು, ಅಮ್ಮ ನನ್ನ ಕಿವಿಗೆ ಉಸುರುವುದು, ನಾನು ಅವರಿಗೆ ತಿಳಿಸುವುದು. "ಏನೂ ಇಲ್ವಂತೆ" ಎಂಬ ಉತ್ತರ ಹೋಯಿತು.

ನಾಲ್ಕು ದಿನ ಕಳೆದ ಮೇಲೆ, ಕ್ಲಿನಿಕ್ಕಿನ ಬೆಂಚಿನಿಂದ ಏಳುವಾಗ ಅಮ್ಮ ಸೊಂಟ ಹಿಡಿದು ಕುಸಿದಳು. ಡಾಕ್ಟರು ಮೂತ್ರವನ್ನು ನೀಲಿ ದ್ರಾವಣಕ್ಕೆ ಹಾಕಿ ಕಾಯಿಸಿದರು. ನೋಡನೋಡುತ್ತ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಸಕ್ಕರೆ ಕಾಯಿಲೆಯಂತೆ. ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದಾಗ ಬಲ ಮೂತ್ರಪಿಂಡದ ಸುತ್ತಲೂ ಕೀವು ಕಟ್ಟಿರುವುದು ತಿಳಿಯಿತು. "ಹಲ್ಲು ತೋರಿಸಿ ಇದನ್ನ ಮುಚ್ಚಿಟ್ರಲ್ಲಮ್ಮಾ! ಅವತ್ತೇ ಹೇಳಿದ್ರೆ ಇಷ್ಟಾಗ್ತಿರ್ಲಿಲ್ಲ" ಎಂದು ಏಕಾಂತಯ್ಯನವರು ಗದರಿದರು. ಅಮ್ಮ ಸೆರಗು ಹೊದ್ದು ಸುಮ್ಮನೆ ಕೇಳಿಸಿಕೊಂಡಳು.

ಈಗ ಆಸ್ಪತ್ರೆಯಲ್ಲೇ ಇದ್ದಾಳೆ. ಇನ್ಸುಲಿನ್ ಕೊಡುತ್ತಿದ್ದಾರೆ. ಸಕ್ಕರೆ ಹತೋಟಿಗೆ ಬಂದರೆ ಶನಿವಾರ ಆಪರೇಷನ್. ಜೀವಕ್ಕೆ ಅಪಾಯವಿಲ್ಲವೆಂದು ಹೇಳಲಾರೆವು ಎಂದಿದ್ದಾರೆ. ತಂತಿ ಕಂಡರೆ ನೀವು ಎದೆಯೊಡೆದುಕೊಳ್ಳುತ್ತೀರೆಂದು ಅಮ್ಮ ಕಾಗದವನ್ನೇ ಬರೆಸಿದಳು. ತಲುಪಿದೊಡನೆ ಹೊರಡಿ. "ಕೊಡೆ ಮರೀದೆ ತರೋಕೆ ಹೇಳು" ಎಂದೂ ಹೇಳಿದ್ದಾಳೆ.

ನಿಮ್ಮ ಆಶೀರ್ವಾದ ಮೊದಲು ಅವಳಿಗಿರಲಿ, ಆಮೇಲೆ ನನಗೆ.

ನಿಮ್ಮ ಮಗಳು,
ಕಾತ್ಯಾಯಿನಿ

ಮತ್ತೆ: ಅಪ್ಪ, ಬಂದು ಅಮ್ಮನನ್ನು ಗದರಬೇಡಿ. ಅವತ್ತು ಅವಳು ನನ್ನ ಕಿವಿಯಲ್ಲಿ ಎಲ್ಲವನ್ನೂ ಹೇಳಿದ್ದಳು. "ಮೂರು ತಿಂಗಳಿಂದ ಸೊಂಟದ ಪಕ್ಕ ನೋವು ಕಣೇ, ಒಂದಕ್ಕೆ ಹೋದ್ರೆ ಉರಿಯತ್ತೆ, ಅವರಿಗೆ ಹೇಳು." ಕಾಂಪೌಂಡರ್ ಎದುರಿಗೇ ನಿಂತಿದ್ದ. ಅವನ ಮುಂದೆ ಆ ಮಾತು ಹೇಳಲು ನಾಚಿದೆ. "ಏನೂ ಇಲ್ವಂತೆ" ಎಂದವಳು ನಾನು. ನನ್ನ ಉತ್ತರ ಕೇಳಿಸಿದರೂ ನನ್ನ ಮುಖ ನೋಡಿ ಅಮ್ಮ ಸುಮ್ಮನಾದಳು. ಬೈಸಿಕೊಂಡು ಹೊರಗೆ ಬಂದ ಮೇಲೂ "ಬೈಸ್ಕೊಂಡಿದ್ದು ನಾನು, ನೀನ್ಯಾಕೆ ಅಳ್ತೀಯೇ?" ಎಂದಳು, ಅಷ್ಟೆ. ಮೂರು ತಿಂಗಳ ಮಾತು ಆಸ್ಪತ್ರೆಯ ಡಾಕ್ಟರಿಗೂ ಇನ್ನೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಅವರು ವಾರ್ಡಿಗೆ ಬಂದಾಗ, ಎದುರಿಗೆ ಯಾರೇ ಇರಲಿ, ಹೇಳುತ್ತೇನೆ.